ನಗುವಾಗ ಬಾಯಿಗೆ ಅಡ್ಡ ಬರುವ ಕೈ

ಜೂನ್ ಬಂತು. ಆಂಧ್ರ ಗಡಿಯಾಚೆಯ ಕನ್ನಡದ ಮಕ್ಕಳು ಇಂಟರ್ (ನಮ್ಮ ಪಿಯುಸಿ) ಬೈಪಿಸಿ, ಎಂದರೆ ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರದ ತರಗತಿಯಲ್ಲಿ ಮಾನವ ಶರೀರದ ಪಾಠಕ್ಕೆ ಕೂರುತ್ತಿದ್ದಾರೆ. ಮೂಳೆ, ರಕ್ತ, ಮೂತ್ರಪಿಂಡ ಎಲ್ಲವೂ ಪುಸ್ತಕದಲ್ಲಿವೆ. ಆದರೆ ಈ ಸೀಮೆಯಲ್ಲಿ ಪಾಠ ಶುರುವಾಗಬೇಕಾದದ್ದು ಮಕ್ಕಳ ಹಲ್ಲಿನಿಂದ, ಮನೆಯ ಕೊಡದಿಂದ.

ಈ ಸೀಮೆಯ ಹೇಮಾವತಿ ಎಂಬ ಹಳ್ಳಿಯಲ್ಲಿ ದೇವರಿಗೂ ಮನುಷ್ಯನ ಮೈಯಿದೆ. ಸಿದ್ಧೇಶ್ವರ ಗುಡಿಯ ಗರ್ಭಗೃಹದಲ್ಲಿರುವುದು ಲಿಂಗವಲ್ಲ, ಕುಳಿತ ಶಿವನ ಮೂರ್ತಿ. ಆಸುಪಾಸಿನಲ್ಲಿ ನೊಳಂಬರ ಕಾಲದ ನುಣುಪಾದ ಕರಿಕಲ್ಲಿನ ಕಂಬಗಳು, ಜಾಲಂಧ್ರಗಳು, ಗಂಟೆಸರ ಕಟ್ಟಿಕೊಂಡ ನಂದಿಗಳು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ, ಈ ಊರು ಹೆಂಜೇರು ಆಗಿದ್ದಾಗ, ಭುಜದ ತಿರುವನ್ನೂ ಮೊಣಕಾಲಿನ ಮಡಿಕೆಯನ್ನೂ ಬೆನ್ನಿನ ಇಳಿಜಾರನ್ನೂ ಕಣ್ಣಲ್ಲಿ ಅಳೆದು ಕಲ್ಲಿಗಿಳಿಸಿದ ಕೈಗಳು ಇಲ್ಲಿದ್ದವು.

ಬೆಳಗ್ಗೆ ಕಾಲೇಜಿನ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರು ಮಾತಾಡುವುದು ಕನ್ನಡ. ಬರುವ ಬಸ್ಸಿನ ಬೋರ್ಡು ತೆಲುಗು. ಬ್ಯಾಗಿನೊಳಗಿನ ಬಯಾಲಜಿ ಪುಸ್ತಕ ಇಂಗ್ಲಿಷು. ಗುಂಪಿನಲ್ಲಿ ಯಾರೋ ಏನೋ ಅಂದರೆ ಎಲ್ಲರೂ ನಗುತ್ತಾರೆ. ನಗುವಾಗ ಕೆಲವರ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ.

ಆ ಕೈಯ ಹಿಂದೆ ಏನಿದೆಯೆಂದು ಮಡಕಶಿರಾ, ಪಾವಗಡ, ಶಿರಾ ಸೀಮೆಯವರಿಗೆ ಹೇಳಬೇಕಿಲ್ಲ. ಮುಂದಿನ ಹಲ್ಲುಗಳ ಮೇಲೆ ಅಡ್ಡಲಾಗಿ ಹಳದಿ, ಕಂದು ಪಟ್ಟಿ. ಕೆಲವರಿಗೆ ಸೀಮೆಸುಣ್ಣ ಬಳಿದಂಥ ಬಿಳಿ ಮಚ್ಚೆ. ಎಷ್ಟು ಉಜ್ಜಿದರೂ ಹೋಗದು. ಊರಿನವರು ಇದನ್ನು ಹಲ್ಲು ಕರೆಗಟ್ಟಿದೆ ಅನ್ನುತ್ತಾರೆ, ಬೋರಿನ ನೀರು ಅನ್ನುತ್ತಾರೆ. ಎರಡನೆಯದು ಪೂರ್ತಿ ನಿಜ. ಮೊದಲನೆಯದರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ: ಇದು ಹಲ್ಲಿಗೆ ಹೊರಗಿನಿಂದ ಹತ್ತಿದ ಕರೆಯಲ್ಲ.

ಹಲ್ಲಿನ ಹೊರಹೊದಿಕೆಯಾದ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ಅದರಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಶಾಶ್ವತ ಹಲ್ಲು ಬಾಯಲ್ಲಿ ಕಾಣುವುದಕ್ಕೆ ವರ್ಷಗಳ ಮೊದಲೇ, ವಸಡಿನೊಳಗೆ, ಅಮೆಲೋಬ್ಲಾಸ್ಟ್ ಎಂಬ ಕೋಶಗಳು ಈ ಹೊದಿಕೆಯನ್ನು ಪದರ ಪದರವಾಗಿ ಕಟ್ಟುತ್ತವೆ. ಹಲ್ಲು ಹೊರಬರುವ ಹೊತ್ತಿಗೆ ಆ ಕೋಶಗಳು ಸತ್ತುಹೋಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಸುಟ್ಟ ಚರ್ಮ ಮತ್ತೆ ಬೆಳೆಯುತ್ತದೆ. ಎನಾಮೆಲ್ ಮಾತ್ರ ಮರಳಿ ಹುಟ್ಟುವುದಿಲ್ಲ.

ಕಟ್ಟುವ ಕೆಲಸ ನಡೆಯುತ್ತಿರುವಾಗ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಪದರ ಸರಿಯಾಗಿ ಗಟ್ಟಿಗೊಳ್ಳದೆ ಒಳಗೊಳಗೇ ಸಣ್ಣ ರಂಧ್ರಗಳು ಉಳಿಯುತ್ತವೆ. ಮುಂದೆ ಅವು ಬಣ್ಣ ಹೀರುತ್ತವೆ. ಮಗು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ ಈ ಅಪಾಯ. ಆಮೇಲೆ ಎಂಥ ನೀರು ಕುಡಿದರೂ ಹಲ್ಲಿನ ಮೇಲೆ ಹೊಸ ಪಟ್ಟಿ ಮೂಡದು. ಹದಿನಾರರ ಹುಡುಗಿಯ ಹಲ್ಲು ಅವಳು ಅಂಗನವಾಡಿಗೆ ಹೋಗುತ್ತಿದ್ದ ಕಾಲದ ನೀರಿನ ವರದಿ ಹೇಳುತ್ತಿದೆ. ಅವಳು ಮೈ ಚೊಕ್ಕಟವಾಗಿಟ್ಟುಕೊಳ್ಳಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಈ ಒಂದು ಮಾತು ಗೊತ್ತಾದರೂ ಸಾಕು, ಎಷ್ಟೋ ಕೈಗಳು ಬಾಯಿಂದ ಕೆಳಗಿಳಿಯುತ್ತವೆ.

ಎಲ್ಲಿದೆ ಹೇಮಾವತಿ?
ನೊಳಂಬ ಪಲ್ಲವರ ರಾಜಧಾನಿ ಹೆಂಜೇರು ಇವತ್ತು ಅಮರಾಪುರಂ ಮಂಡಲದ ಒಂದು ಹಳ್ಳಿ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಲಾಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಸೀಮೆ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೇಮಾವತಿಯ ಶಿಲ್ಪಗಳಲ್ಲಿ ಹಲವು ಈಗ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿವೆ. ಸಿ. ಶಿವರಾಮಮೂರ್ತಿ ಅವುಗಳ ಮೇಲೆ 1964ರಲ್ಲಿ ಪುಸ್ತಕವನ್ನೇ ಬರೆದರು.

ಹಲ್ಲಿನ ಮೇಲಿನ ಈ ಪಟ್ಟಿಯ ಗುಟ್ಟು ಬಿಡಿಸಲು ಲೋಕಕ್ಕೆ ಮೂವತ್ತು ವರ್ಷ ಹಿಡಿಯಿತು. ಅದರ ಕತೆ ಯಾವುದೇ ಪತ್ತೇದಾರಿ ಕಾದಂಬರಿಗೆ ಕಡಿಮೆಯಿಲ್ಲ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದ ಹಲವರ ಹಲ್ಲು ಕಂದು. ಯಾವ ಪುಸ್ತಕದಲ್ಲೂ ಇದರ ವಿವರವಿಲ್ಲ. ಊರವರು ಹಂದಿಮಾಂಸ ಕಾರಣ ಅಂದರು, ಕೆಟ್ಟ ಹಾಲು ಅಂದರು. ಮೆಕೇ ಬಿಡಲಿಲ್ಲ. ಅಲ್ಲೇ ಹುಟ್ಟಿದವರಿಗೆ ಮಾತ್ರ ಕಲೆ, ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇಲ್ಲ ಎಂಬುದನ್ನು ಗುರುತಿಸಿದ. ಇನ್ನೊಂದು ವಿಚಿತ್ರವೂ ಕಂಡಿತು: ಈ ಹಲ್ಲುಗಳು ಅಷ್ಟು ಸುಲಭವಾಗಿ ಹುಳುಕು ಹಿಡಿಯುವುದಿಲ್ಲ.

1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಊರಿನ ತಂದೆತಾಯಂದಿರು ಅವನನ್ನು ಕರೆಸಿಕೊಂಡರು. ದೂರದ ಬಿಸಿನೀರ ಬುಗ್ಗೆಯಿಂದ ಊರಿಗೆ ಪೈಪು ಎಳೆದ ಮೇಲೆ ಮಕ್ಕಳ ಹಲ್ಲು ಕಂದಾಗುತ್ತಿದೆ ಎಂಬುದು ಅವರ ದೂರು. ನೀರಿನಲ್ಲಿ ಏನಿದೆಯೆಂದು ಮೆಕೇಗೂ ಗೊತ್ತಿರಲಿಲ್ಲ. ಆದರೂ ಆ ಪೈಪು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಎಂದ. ಕೆಲವೇ ವರ್ಷಗಳಲ್ಲಿ ಎಳೆಯ ಮಕ್ಕಳಿಗೆ ಶುಭ್ರ ಹಲ್ಲು ಬರತೊಡಗಿತು.

ಕೊನೆಗೆ 1931ರಲ್ಲಿ ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅಂಥದೇ ಒಂದು ಊರಿನ ನೀರು ಪರೀಕ್ಷಿಸಿ ಫ್ಲೋರೈಡನ್ನು ಹಿಡಿದ. ಆ ಬಳಿಕ ದಂತವೈದ್ಯ ಎಚ್. ಟ್ರೆಂಡ್ಲಿ ಡೀನ್ ಊರೂರು ಸುತ್ತಿ ಮಕ್ಕಳ ಹಲ್ಲು ನೋಡಿ, ಕಲೆಯ ತೀವ್ರತೆಗೆ ಅಂಕ ಕೊಡುವ ಕ್ರಮ ರೂಪಿಸಿದ. ಲೀಟರಿಗೆ ಒಂದು ಮಿಲಿಗ್ರಾಂ ಸುತ್ತಮುತ್ತ ಇದ್ದರೆ ಹುಳುಕು ತಡೆಯುತ್ತದೆ, ಮೀರಿದರೆ ಹಲ್ಲು ಕೆಡಿಸುತ್ತದೆ ಎಂಬ ತಿಳಿವು ಬಂದದ್ದು ಹೀಗೆ. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದಕ್ಕೂ ನಮ್ಮ ಬೋರಿನ ಫ್ಲೋರೈಡಿಗೆ ನಾವು ಹೆದರುವುದಕ್ಕೂ ಮೂಲ ಒಂದೇ.

ಭಾರತದಲ್ಲಿ ಫ್ಲೋರೈಡಿನಿಂದ ಬರುವ ಈ ಕಾಯಿಲೆ, ಫ್ಲೋರೋಸಿಸ್, ಮೊದಲು ದಾಖಲಾದದ್ದು ದೂರದಲ್ಲೇನೂ ಅಲ್ಲ. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಜೊತೆಗಾರರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೈತರಲ್ಲಿ ಹಲ್ಲಿನ ಕಲೆಯ ಜೊತೆಗೆ ಬೆನ್ನು, ಕತ್ತು ಮರಗಟ್ಟಿದ್ದನ್ನು ಕಂಡು ವಿವರವಾಗಿ ಬರೆದರು. ನೆಲ್ಲೂರು, ಅನಂತಪುರ ಎರಡೂ ಆಗ ಒಂದೇ ಪ್ರಾಂತ್ಯದಲ್ಲಿದ್ದವು.

ಈ ಸೀಮೆಗೆ ಫ್ಲೋರೈಡ್ ಹೊರಗಿನಿಂದ ಬಂದದ್ದಲ್ಲ. ಕಾಲಡಿಯ ಗ್ರಾನೈಟಿನ ಖನಿಜಗಳಲ್ಲೇ ಇದೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರಿನಲ್ಲಿ ಕ್ಷಾರ ಹೆಚ್ಚು. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೆರೆಯ ನೀರಿಗೆ ಬಂಡೆಯೊಂದಿಗೆ ಅಷ್ಟು ಹೊತ್ತಿನ ಸಹವಾಸವಿಲ್ಲ. ಕೆರೆಗಳು ಬತ್ತಿ ಬೋರುಗಳು ಆಳಕ್ಕಿಳಿದಂತೆ ಕೊಡಕ್ಕೆ ಬಂದದ್ದು ಈ ಹಳೆಯ ನೀರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹ್ಯ. ಅದರಾಚೆ ಅಪಾಯ.

ಕುದಿಸಿದರೆ ಸರಿಹೋಗುತ್ತದೆ ಎಂದು ಎಷ್ಟೋ ತಾಯಂದಿರು ನಂಬಿದ್ದಾರೆ. ಇಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್‌ಒ ಘಟಕ ತೆಗೆಯುತ್ತದೆ. ಸುಣ್ಣ ಮತ್ತು ಪಟಿಕ ಬೆರೆಸಿ ತಳಕ್ಕಿಳಿಸುವ, ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವೂ ಇದೆ. ಎಲ್ಲಕ್ಕಿಂತ ಮೇಲಾದದ್ದು ಬೇರೆ ನೀರು ತರುವುದು. 1990ರ ದಶಕದಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ ಅನಂತಪುರ ಜಿಲ್ಲೆಯ 731 ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಮಾಡಿದ್ದು ಇಂಥ ಬವಣೆ ನೋಡಿಯೇ.

ಹಲ್ಲಿನ ಮಾತು ಇಷ್ಟಾಯಿತು. ನಿಜವಾದ ಹಿಂಸೆ ಇರುವುದು ಮೂಳೆಯಲ್ಲಿ.

ಮೈಯೊಳಗಿನ ಫ್ಲೋರೈಡಿನಲ್ಲಿ ನೂರಕ್ಕೆ 99 ಪಾಲು ಇರುವುದು ಮೂಳೆ, ಹಲ್ಲುಗಳಲ್ಲೇ. ಹಲ್ಲಿನ ಹೊದಿಕೆ ಒಮ್ಮೆ ಕಟ್ಟಿದರೆ ಮುಗಿಯಿತು, ಮೂಳೆ ಹಾಗಲ್ಲ. ಜೀವನವಿಡೀ ಕರಗುತ್ತ, ಕಟ್ಟುತ್ತ ಇರುತ್ತದೆ. ಕಟ್ಟುವಾಗ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದೊಳಗೆ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಫ್ಲೋರೈಡ್ ಕೂರುತ್ತದೆ. ಮೂಳೆ ದಪ್ಪವಾಗುತ್ತದೆ, ಆದರೆ ಪೆಡಸು. ಕೀಲು ಹಿಡಿದಿಡುವ ನಾರುಗಳಿಗೂ ಸುಣ್ಣ ಕೂರುತ್ತದೆ. ಹತ್ತಿಪ್ಪತ್ತು ವರ್ಷ ಅದೇ ನೀರು ಕುಡಿದವರಿಗೆ ಸೊಂಟ ಹಿಡಿಯುತ್ತದೆ, ಕತ್ತು ತಿರುಗುವುದಿಲ್ಲ, ನೆಲದಿಂದೇಳಲು ಗೋಡೆ ಬೇಕಾಗುತ್ತದೆ. ಮನೆಯಲ್ಲಿ ಇದಕ್ಕೆ ವಾಯು ಅನ್ನುತ್ತಾರೆ, ವಯಸ್ಸಾಯಿತು ಅನ್ನುತ್ತಾರೆ. ನಲವತ್ತೈದಕ್ಕೇ ವಯಸ್ಸಾಯಿತು ಎಂದು ಒಪ್ಪಿಕೊಂಡುಬಿಡುವ ಹೆಂಗಸರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನಾಣ್ಯ, ಗದ್ದ, ಕೈ
ಮೂಳೆಯ ಫ್ಲೋರೋಸಿಸ್ ಶಂಕೆಯಿದ್ದವರನ್ನು ಗುರುತಿಸಲು ಆರೋಗ್ಯ ಕಾರ್ಯಕರ್ತರು ಹಳ್ಳಿಗಳಲ್ಲಿ ಮೂರು ಸರಳ ಪರೀಕ್ಷೆ ಮಾಡಿಸುತ್ತಾರೆ. ಮೊಣಕಾಲು ಮಡಿಸದೆ ಬಗ್ಗಿ ನೆಲದ ನಾಣ್ಯ ಎತ್ತುವುದು. ಗದ್ದವನ್ನು ಎದೆಗೆ ತಾಗಿಸುವುದು. ಎರಡೂ ಕೈಗಳನ್ನು ಎತ್ತಿ ತಲೆಯ ಹಿಂದೆ ಜೋಡಿಸುವುದು. ಆಗದಿದ್ದರೆ ಫ್ಲೋರೋಸಿಸ್ ಇದೆಯೆಂದೇ ಅರ್ಥವಲ್ಲ. ನೀರು, ಮೂತ್ರದ ಪರೀಕ್ಷೆಗೂ ಎಕ್ಸ್‌ರೇಗೂ ಕಳಿಸಬೇಕು. ಕೇಂದ್ರ ಸರ್ಕಾರದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2008–09ರಿಂದ ನಡೆದಿದೆ.

ಈಗ ಪಠ್ಯಪುಸ್ತಕ ತೆರೆಯೋಣ. ವಿಸರ್ಜನೆಯ ಪಾಠ. ಎರಡು ಮೂತ್ರಪಿಂಡಗಳು, ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್. ದಿನಕ್ಕೆ 180 ಲೀಟರ್ ಸೋಸುತ್ತವೆ, ಕೊನೆಗೆ ಹೊರಹೋಗುವುದು ಒಂದೂವರೆ ಲೀಟರ್. ಪರೀಕ್ಷೆಗೆ ಇದು ಐದೋ ಆರೋ ಅಂಕದ ಪ್ರಶ್ನೆ. ಇದೇ ಪಾಠವನ್ನು ಮಡಕಶಿರಾದಲ್ಲಿ ಹೇಳುವಾಗ ಇನ್ನೊಂದು ವಾಕ್ಯ ಸೇರಿಸಬಹುದು: ನಾವು ಕುಡಿದ ಫ್ಲೋರೈಡನ್ನು ಮೈಯಿಂದ ಹೊರಹಾಕುವ ಮುಖ್ಯ ದಾರಿ ಇದೇ. ದೊಡ್ಡವರಲ್ಲಿ ಸರಿಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ. ಬೆಳೆಯುವ ಮಕ್ಕಳ ಮೂಳೆ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಇನ್ನೂ ಹೆಚ್ಚು ಉಳಿಯುತ್ತದೆ. ಆ ಒಂದು ವಾಕ್ಯದಿಂದ ನೆಫ್ರಾನ್ ಚಿತ್ರ ಪುಸ್ತಕದಿಂದೆದ್ದು ಮನೆಗೆ ಬರುತ್ತದೆ.

ಊಟದ ಪಾಠವೂ ಹಾಗೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಸುಣ್ಣದಂಶ ಕಡಿಮೆಯಾದ ಮೈಗೆ ಫ್ಲೋರೈಡ್ ಹೆಚ್ಚು ಕಾಟ ಕೊಡುತ್ತದೆ. ಮುದ್ದೆಯನ್ನು ಹಳ್ಳಿಗಾಡಿನ ಊಟವೆಂದು ಪಕ್ಕಕ್ಕಿಟ್ಟ ಮಕ್ಕಳಿಗೆ ಇದನ್ನು ಹೇಳಬೇಕು.

ಇನ್ನು ಹುಣಸೆ. ಹಿಂದೂಪುರದ ಹುಣಸೆ ಮಾರುಕಟ್ಟೆ ಈ ಸೀಮೆಗೆಲ್ಲ ಗೊತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹುಡುಗರಿಗೆ ದಿನಕ್ಕೆ 10 ಗ್ರಾಂನಂತೆ ಹುಣಸೆ ತಿನ್ನಿಸಿ ಮೂತ್ರ ಪರೀಕ್ಷಿಸಿದರು. ಫ್ಲೋರೈಡ್ ಹೊರಹೋಗುವುದು ಹೆಚ್ಚಿತ್ತು ಎಂದು 2002ರಲ್ಲಿ ಪ್ರಕಟಿಸಿದರು. ಕೆಟ್ಟ ನೀರಿಗೆ ಹುಳಿ ಸಾರು ಮದ್ದಲ್ಲ, ನೀರು ಬದಲಾಗಲೇಬೇಕು. ಆದರೆ ಅಮ್ಮನ ಒಲೆಯ ಮೇಲಿನ ಪಾತ್ರೆಯೂ ಪ್ರಯೋಗಶಾಲೆಯ ವಿಷಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇಂಥ ಪಾಠ ಮಾಡಲು ತೊಡಕೇನು? ಮೊದಲನೆಯದು ಪರೀಕ್ಷೆ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ. ಅಷ್ಟು ದೊಡ್ಡ ಪಾಲು ಇರುವುದರಿಂದಲೇ ಪಾಠ ಬಹುಆಯ್ಕೆ ಪ್ರಶ್ನೆಗಳ ಪಟ್ಟಿಯಾಗಿದೆ. ತರಗತಿಯಲ್ಲಿ ಕೂತವರೆಲ್ಲ ಡಾಕ್ಟರಾಗುವುದಿಲ್ಲ. ಆದರೆ ಎಲ್ಲರಿಗೂ ಒಂದು ಮೈಯಿದೆ, ಮನೆಯಲ್ಲೊಬ್ಬ ಅಜ್ಜಿಯಿದ್ದಾಳೆ.

ಎರಡನೆಯದು ಭಾಷೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಟರ್‌ನಲ್ಲಿ ವಿಜ್ಞಾನ ಒಮ್ಮೆಲೇ ಇಂಗ್ಲಿಷಿಗೆ ಹೊರಳುತ್ತದೆ. ಗಡಿಯ ಈಚೆ ಶಿರಾ, ಹಿರಿಯೂರಿನ ಪಿಯುಸಿಯಲ್ಲೂ ಇದೇ ಕತೆ. ಗಡಿಯಾಚೆಯವರಿಗೆ ನಡುವೆ ತೆಲುಗೂ ಉಂಟು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ ಕೊನೆಯ ಮೂರು ಗಂಟೆ ಕನ್ನಡದಲ್ಲಿ ಬರೆ ಎಂದರೆ ಅದು ಮಗುವಿಗೆ ನೆರವಾಗುವುದು ಅಷ್ಟಕ್ಕಷ್ಟೆ.

ಮೈಯ ವಿಜ್ಞಾನ ನಮ್ಮ ಭಾಷೆಯಲ್ಲಿ ಆಗದು ಅನ್ನುವವರು ಹಿಂದೆ ತಿರುಗಿ ನೋಡಬೇಕು. ಹದಿನಾಲ್ಕನೆಯ ಶತಮಾನದಲ್ಲೇ ಮಂಗರಾಜ ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ ಬರೆದ, ಕನ್ನಡದಲ್ಲಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಅದೇ ವರ್ಷ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಮುಂದೆ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು. 2022ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಎಂಬಿಬಿಎಸ್ ಮೊದಲ ವರ್ಷದ ಪುಸ್ತಕಗಳನ್ನು ಹಿಂದಿಯಲ್ಲಿ ತಂದಿತು.

ನಾನು ಇಂಗ್ಲಿಷ್ ಪುಸ್ತಕ ತೆಗೆದುಹಾಕಿ ಎನ್ನುತ್ತಿಲ್ಲ. ಅದು ಬೇಕು, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವ ಮಕ್ಕಳಿಗೆ ಅದೇ ದಾರಿ. ಕೇಳುವುದು ಇಷ್ಟೇ: ತರಗತಿಯಲ್ಲಿ ಕಲಿತದ್ದನ್ನು ಸಂಜೆ ಮನೆಯಲ್ಲಿ ಹೇಳಲು ಮಗುವಿಗೆ ಮಾತು ಸಿಗಬೇಕು. ‘ಸ್ಕೆಲಿಟಲ್ ಫ್ಲೋರೋಸಿಸ್’ ಎಂದು ಬರೆದು ಪೂರ್ತಿ ಅಂಕ ತೆಗೆದವಳು, ಅಜ್ಜಿಯ ಮೊಣಕಾಲು ಹಿಡಿದಿರುವುದು ಅದರಿಂದಲೇ ಇರಬಹುದು ಎಂದು ಅಜ್ಜಿಗೆ ಕನ್ನಡದಲ್ಲಿ ತಿಳಿಸಲಾರದೆ ಹೋದರೆ ಆ ವಿದ್ಯೆ ಅರ್ಧದಲ್ಲೇ ನಿಂತಂತೆ.

ಆಂಧ್ರದ ಇಂಟರ್ ಶಿಕ್ಷಣದಲ್ಲಿ ವೃತ್ತಿಪರ ಕೋರ್ಸುಗಳಿವೆ: ಮಲ್ಟಿಪರ್ಪಸ್ ಹೆಲ್ತ್ ವರ್ಕರ್, ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್. ಬಡ ಮನೆಯ ಹೆಣ್ಣುಮಕ್ಕಳು ಮೈಯ ವಿಜ್ಞಾನ ಕಲಿತು ಎರಡು ವರ್ಷದಲ್ಲಿ ದುಡಿಮೆಗೆ ಹತ್ತಿರವಾಗುವ ದಾರಿ ಇದು. 1969ರಲ್ಲಿ ವಿಸೆಂಟೆ ಫೆರರ್ ಅನಂತಪುರದಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆ ಬತ್ತಲಪಲ್ಲಿಯ ಆಸ್ಪತ್ರೆಯ ಜೊತೆಗೆ ನರ್ಸಿಂಗ್ ಶಿಕ್ಷಣವನ್ನೂ ನಡೆಸುತ್ತಿದೆ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಆರೋಗ್ಯ ಬದಲಾಗುವುದು ನೀಟ್ ರ್‍ಯಾಂಕಿನವರಿಗಿಂತ ಹೆಚ್ಚಾಗಿ ಈ ಹುಡುಗಿಯರಿಂದ. ಊರು ಬಿಟ್ಟು ಹೋಗದೆ, ಊರಿನ ಮಾತಲ್ಲೇ ಸೂಜಿ ಹಿಡಿಯುವವರು ಅವರೇ.

ಗಡಿಯ ಎರಡು ಬದಿಯ ರಕ್ತ
2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು ಆಂಧ್ರದಲ್ಲಿ ನೂರಕ್ಕೆ 58.8, ಕರ್ನಾಟಕದಲ್ಲಿ 47.8, ದೇಶದಲ್ಲಿ 57. ಗರ್ಭಿಣಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಕಬ್ಬಿಣದ ಮಾತ್ರೆಯನ್ನು ವಾರ ನುಂಗಿ ಬಿಟ್ಟರೆ ಸಾಲದು, ತಿಂಗಳುಗಟ್ಟಲೆ ನುಂಗಬೇಕು.

ಕಪ್ಪೆ ಕೊಯ್ದು ಕಲಿಯುವ ಕಾಲ ಮುಗಿಯಿತು. 2014ರಲ್ಲಿ ಯುಜಿಸಿ ಪದವಿ ತರಗತಿಗಳಲ್ಲೂ ಪ್ರಾಣಿ ಛೇದನ ನಿಲ್ಲಿಸಿತು. ನೋಡಲು ಉಳಿದಿರುವ ಮೈ ನಮ್ಮದೇ. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ನಾಡಿ ಎಣಿಸಲು ಗಡಿಯಾರ ಸಾಕು. ಊರಿನ ಪ್ರತಿ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಫೀಲ್ಡ್ ಕಿಟ್‌ನಲ್ಲಿ ನೋಡಿ, ಊರಿನ ನಕ್ಷೆಯ ಮೇಲೆ ಗುರುತು ಹಾಕುವುದು ಇಂಟರ್ ಮಕ್ಕಳ ಕೈಯಲ್ಲಾಗುವ ಕೆಲಸ. ಯಾವ ಓಣಿಯ ಹಲ್ಲು ಹೇಗಿದೆ ಎಂದು ಡೀನ್ ಕ್ರಮದಲ್ಲಿ ಬರೆಯುವುದೂ ಅಷ್ಟೆ, ಮೇಷ್ಟರು ಜೊತೆಗಿದ್ದರೆ ಆಯಿತು. ಹೆಸರು ಬರೆಯಬೇಕಿಲ್ಲ, ವಯಸ್ಸು, ಓಣಿ, ಯಾವ ನೀರು ಎಂದಿದ್ದರೆ ಸಾಕು. ಯಾರನ್ನೂ ಎಲ್ಲರೆದುರು ನಿಲ್ಲಿಸಿ ಬಾಯಿ ತೆರೆಸಬಾರದು.

ಈ ಲೆಕ್ಕ ಈಗಲೇ ಬೇಕು. ಹಂದ್ರಿ–ನೀವಾ ಯೋಜನೆಯ ಮಡಕಶಿರಾ ಶಾಖಾ ಕಾಲುವೆ ಕೃಷ್ಣೆಯ ನೀರನ್ನು ಈ ದಿಕ್ಕಿಗೆ ತರಲೆಂದೇ ಇದೆ. ಪಕ್ಕದ ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು ತರುವ ಯೋಜನೆ ಬಂದಿದೆ. ನೀರು ಬದಲಾದದ್ದು ಮೈಗೆ ತಲುಪಿತೋ ಇಲ್ಲವೋ ಎಂಬುದನ್ನು ಪೈಪಿನ ಉದ್ದ ಹೇಳುವುದಿಲ್ಲ, ಹಲ್ಲು ಹೇಳುತ್ತದೆ, ಅದೂ ತಡವಾಗಿ. ಈ ಜೂನ್‌ನಲ್ಲಿ ಹುಟ್ಟುವ ಮಗುವಿನ ಬಾಯಲ್ಲಿ ಮೊದಲ ಶಾಶ್ವತ ಹಲ್ಲು ಕಾಣಲು ಆರೇಳು ವರ್ಷ ಬೇಕು. ಇವತ್ತು ಇಂಟರ್ ಮೊದಲ ವರ್ಷಕ್ಕೆ ಬಂದವಳು ಆ ಹೊತ್ತಿಗೆ ನರ್ಸೋ ಆರೋಗ್ಯ ಕಾರ್ಯಕರ್ತೆಯೋ ಆಗಿರಬಹುದು. ಆ ಮಗುವಿನ ಹಲ್ಲು ನೋಡಿದಾಗ ಹೋಲಿಸಲು ಅವಳಿಗೆ ಹಳೆಯ ಅಂಕಿ ಬೇಕಾಗುತ್ತದೆ, ಊರುವಾರು, ಬೋರುವಾರು. ಅದನ್ನು ಬರೆದಿಡಬೇಕಾದದ್ದು ಈ ವರ್ಷದ ತರಗತಿ.